ಉತ್ತರ ಐರ್ಲೆಂಡ್: ದನಿಗೆ ಬೀಗ ಹಾಕಿದ ಆರು ವರ್ಷಗಳು

ತುಂಗಾತೀರ (ಚರ್ಚೆ ಆರಂಭಿಸಿದವರು)

ಮಾನ್ಯರೇ, ಹಿಂಸಾಚಾರ ನಡೆಯುತ್ತಿರುವ ಕಾಲದಲ್ಲಿ ಸರ್ಕಾರವು ಟಿ.ವಿ. ಮತ್ತು ಬಾನುಲಿಯ ಸುದ್ದಿಗೆ ಎಷ್ಟರಮಟ್ಟಿಗೆ ಕಡಿವಾಣ ಹಾಕಬಹುದು ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದು ಸಾಮಾನ್ಯವಾಗಿ ನಮ್ಮದೇ ಗಾಯ ಹಸಿಯಾಗಿರುವಾಗ. ಆಗ ಯಾರಿಗೂ ಸಮಾಧಾನದಿಂದ ಯೋಚಿಸಲು ಆಗುವುದಿಲ್ಲ. ಆದ್ದರಿಂದ ಮುಗಿದುಹೋದ ಒಂದು ಪ್ರಕರಣವನ್ನು ಇಲ್ಲಿ ಇಡುತ್ತಿದ್ದೇನೆ. ನಿವೃತ್ತಿಯ ನಂತರ ಕೆಲವು ತಿಂಗಳಿಂದ ಇದನ್ನೇ ಓದುತ್ತಿದ್ದೇನೆ, ಓದಿದಷ್ಟೂ ಮನಸ್ಸು ಕಲಕುತ್ತಿದೆ.

1988ರ ಅಕ್ಟೋಬರ್ 19ರಂದು ಬ್ರಿಟನ್ನಿನ ಗೃಹ ಸಚಿವ ಡಗ್ಲಸ್ ಹರ್ಡ್ ಅವರು ಸಂಸತ್ತಿನಲ್ಲಿ ಒಂದು ಆದೇಶವನ್ನು ಪ್ರಕಟಿಸಿದರು. ಉತ್ತರ ಐರ್ಲೆಂಡಿನ ಹನ್ನೊಂದು ಸಂಘಟನೆಗಳ ಪ್ರತಿನಿಧಿಗಳು ಆಡಿದ ಮಾತನ್ನು ಅವರದೇ ದನಿಯಲ್ಲಿ ಬಿಬಿಸಿಯಾಗಲಿ, ಖಾಸಗಿ ವಾಹಿನಿಗಳಾಗಲಿ ಪ್ರಸಾರ ಮಾಡಕೂಡದು ಎಂಬುದು ಅದರ ತಿರುಳು. ಆ ಪಟ್ಟಿಯಲ್ಲಿ, ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಿ ಐರ್ಲೆಂಡಿಗೆ ಸೇರಿಸಲು ಶಸ್ತ್ರ ಹಿಡಿದಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಸೇನೆ) ಇತ್ತು, ಅದಕ್ಕೆ ಎದುರು ನಿಂತ, ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಲಾಯಲಿಸ್ಟ್ ಸಶಸ್ತ್ರ ಗುಂಪುಗಳೂ ಇದ್ದವು. ಆದರೆ ಅದರಲ್ಲಿ ಶಿನ್ ಫೇನ್ ಕೂಡ ಇತ್ತು. ಶಿನ್ ಫೇನ್ ಐಆರ್‌ಎಗೆ ಹತ್ತಿರದ ಪಕ್ಷವೆಂಬುದು ಎಲ್ಲರಿಗೂ ತಿಳಿದ ವಿಷಯವಾದರೂ ಅದು ಕಾನೂನುಬದ್ಧವಾಗಿ ಚುನಾವಣೆಗೆ ನಿಲ್ಲುತ್ತಿದ್ದ ಪಕ್ಷ. ಅದರ ಅಧ್ಯಕ್ಷ ಜೆರ್ರಿ ಆಡಮ್ಸ್ 1983ರಿಂದ ಪಶ್ಚಿಮ ಬೆಲ್‌ಫಾಸ್ಟ್ ಕ್ಷೇತ್ರದ ಚುನಾಯಿತ ಸದಸ್ಯರಾಗಿದ್ದರು.

ಈ ಆದೇಶಕ್ಕೆ ಹೊಸ ಕಾಯ್ದೆಯೇನೂ ಬೇಕಾಗಲಿಲ್ಲ. ಬಿಬಿಸಿಯ ಪರವಾನಗಿ ಒಪ್ಪಂದದಲ್ಲಿ ಮತ್ತು ಖಾಸಗಿ ವಾಹಿನಿಗಳಿಗೆ ಅನ್ವಯಿಸುತ್ತಿದ್ದ 1981ರ ಪ್ರಸಾರ ಕಾಯ್ದೆಯಲ್ಲಿ, ಇಂಥ ವಿಷಯವನ್ನು ಪ್ರಸಾರ ಮಾಡಬೇಡಿ ಎಂದು ಸಚಿವರು ಸೂಚಿಸಬಹುದಾದ ಒಂದೊಂದು ಕಲಮು ಮೊದಲೇ ಇತ್ತು. ಎರಡು ಸೂಚನಾಪತ್ರಗಳು ಹೋದವು, ಅಷ್ಟೇ.

ಕೆಲವೇ ದಿನಗಳಲ್ಲಿ ಗೃಹ ಇಲಾಖೆ ಕೊಟ್ಟ ಸ್ಪಷ್ಟೀಕರಣದಿಂದ ವಿಷಯ ಇನ್ನಷ್ಟು ವಿಚಿತ್ರವಾಯಿತು. ನಿಷೇಧವಿರುವುದು ಪ್ರತಿನಿಧಿಯ ನೇರ ದನಿಗೆ ಮಾತ್ರ, ಅವರು ಆಡಿದ ಮಾತನ್ನು ಬೇರೆಯವರು ವರದಿ ಮಾಡಬಹುದು, ಅವರ ಮುಖವನ್ನೂ ತೋರಿಸಬಹುದು. ಹೀಗಾಗಿ ವಾಹಿನಿಗಳು ಕಂಠದಾನದ ಕಲಾವಿದರನ್ನು ಕರೆಸಿಕೊಂಡವು. ಪರದೆಯ ಮೇಲೆ ಆಡಮ್ಸ್ ಅವರ ತುಟಿ ಅಲುಗುತ್ತಿತ್ತು, ಕೇಳಿಸುತ್ತಿದ್ದದ್ದು ನಟನ ದನಿ. ಸ್ಟೀಫನ್ ರೇ ಎಂಬ ಹೆಸರಾಂತ ನಟರು ಈ ಕೆಲಸ ಮಾಡಿದವರಲ್ಲೊಬ್ಬರು. ಪತ್ರಿಕೆಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಚುನಾವಣಾ ಪ್ರಚಾರದ ದಿನಗಳಿಗೆ ವಿನಾಯಿತಿ ಇದ್ದುದರಿಂದ ಮತದಾನ ಮುಗಿಯುವವರೆಗೆ ಅವರ ಸ್ವಂತ ದನಿ ಕೇಳುತ್ತಿತ್ತು, ಆಮೇಲೆ ಮತ್ತೆ ಮಾಯವಾಗುತ್ತಿತ್ತು. ಸಂಸತ್ತಿನ ಕಲಾಪಕ್ಕೂ ವಿನಾಯಿತಿಯಿತ್ತು. ಆದರೆ ರಾಣಿಗೆ ನಿಷ್ಠೆಯ ಪ್ರಮಾಣವಚನ ಸ್ವೀಕರಿಸಲು ಒಪ್ಪದ ಶಿನ್ ಫೇನ್ ಸದಸ್ಯರು ಆ ಸಂಸತ್ತಿನಲ್ಲಿ ಕೂರುತ್ತಲೇ ಇರಲಿಲ್ಲವಾದ್ದರಿಂದ ಆ ವಿನಾಯಿತಿಯಿಂದ ಅವರಿಗೆ ಏನೂ ಸಿಗಲಿಲ್ಲ.

ಆದೇಶ ದಿಢೀರೆಂದು ಬಂದದ್ದಲ್ಲ. 1985ರ ಜುಲೈಯಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರು ಲಂಡನ್ನಿನಲ್ಲಿ ಸೇರಿದ್ದ ಅಮೆರಿಕದ ವಕೀಲರ ಸಭೆಯಲ್ಲಿ, ಭಯೋತ್ಪಾದಕರಿಗೆ ಪ್ರಚಾರವೇ ಪ್ರಾಣವಾಯು, ಅದು ಅವರಿಗೆ ಸಿಗದಂತೆ ಮಾಡಬೇಕು ಎಂದಿದ್ದರು. ಅದೇ ಬೇಸಿಗೆಯಲ್ಲಿ ಶಿನ್ ಫೇನ್‌ನ ಮಾರ್ಟಿನ್ ಮೆಕ್‌ಗಿನ್ನೆಸ್ ಅವರನ್ನೂ ಅದಕ್ಕೆ ಎದುರಾದ ಯೂನಿಯನಿಸ್ಟ್ (ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ) ಪಕ್ಷದ ಗ್ರೆಗರಿ ಕ್ಯಾಂಪ್‌ಬೆಲ್ ಅವರನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದ ಬಿಬಿಸಿಯ ಸಾಕ್ಷ್ಯಚಿತ್ರವೊಂದನ್ನು ಗೃಹ ಸಚಿವರ ಕೋರಿಕೆಯ ಮೇಲೆ ಆಡಳಿತ ಮಂಡಳಿ ತಡೆಹಿಡಿಯಿತು. ಆಗಸ್ಟ್ 7ರಂದು ಪತ್ರಕರ್ತರು ಮುಷ್ಕರ ಹೂಡಿದರು, ಅಕ್ಟೋಬರಿನಲ್ಲಿ ಸಣ್ಣಪುಟ್ಟ ಬದಲಾವಣೆಯೊಂದಿಗೆ ಅದು ಪ್ರಸಾರವಾಯಿತು. 1988ರ ಮಾರ್ಚ್ 6ರಂದು ಜಿಬ್ರಾಲ್ಟರಿನಲ್ಲಿ ಐಆರ್‌ಎಯ ಮೂವರು ನಿಶ್ಶಸ್ತ್ರ ಸದಸ್ಯರನ್ನು ಬ್ರಿಟಿಷ್ ವಿಶೇಷ ಪಡೆ ಗುಂಡಿಕ್ಕಿ ಕೊಂದಿತು. ಅದನ್ನು ಕುರಿತ ಥೇಮ್ಸ್ ಟೆಲಿವಿಷನ್ ಕಾರ್ಯಕ್ರಮವನ್ನು ಮುಂದೂಡಿ ಎಂದು ವಿದೇಶಾಂಗ ಸಚಿವರು ಕೇಳಿದಾಗ ಪ್ರಸಾರ ಪ್ರಾಧಿಕಾರ ಒಪ್ಪಲಿಲ್ಲ. ಆಗಸ್ಟ್ 20ರಂದು ಬ್ಯಾಲಿಗಾಲಿ ಬಳಿ ಬಸ್ಸಿಗೆ ಬಾಂಬಿಟ್ಟು ಎಂಟು ಸೈನಿಕರನ್ನು ಐಆರ್‌ಎ ಕೊಂದಿತು. ಅದಾಗಿ ಎರಡು ತಿಂಗಳಿಗೆ ಆದೇಶ ಹೊರಬಿತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಿರ್ಬಂಧದಿಂದ ಹೆಚ್ಚು ನಷ್ಟವಾದದ್ದು ಶಿನ್ ಫೇನ್‌ಗೆ ಅಲ್ಲ, ನೋಡುಗನಿಗೆ. ಹಿಂಸೆಯನ್ನು ಸಮರ್ಥಿಸಿಕೊಳ್ಳುವ ಒಬ್ಬ ರಾಜಕಾರಣಿಯನ್ನು ಎದುರಿಗೆ ಕೂರಿಸಿಕೊಂಡು, ಸತ್ತವರ ಹೆಸರು ಹೇಳಿ, ತಪ್ಪಿಸಿಕೊಳ್ಳಲು ಬಿಡದೆ ಕೇಳುವ ಪಾಟೀಸವಾಲು ಆ ಆರು ವರ್ಷ ಬ್ರಿಟನ್ನಿನ ಪರದೆಯಿಂದ ಹೆಚ್ಚುಕಡಿಮೆ ಮರೆಯಾಯಿತು. ಆ ಪ್ರಶ್ನೆಗೆ ಅವರು ತಡವರಿಸಿದರೇ, ಸಿಟ್ಟಾದರೇ, ಸುಮ್ಮನಾದರೇ ಎಂಬುದನ್ನು ನಟನ ದನಿ ಹೇಳಲಾರದು.

ಹಾಸನದ ಮೇಷ್ಟ್ರು

ತುಂಗಾತೀರ ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಆದರೆ ನಾನು ತಮ್ಮ ತೀರ್ಮಾನವನ್ನು ಒಪ್ಪುವುದಿಲ್ಲ, ಕಾರಣವನ್ನೂ ಹೇಳುತ್ತೇನೆ.

1987ರ ನವೆಂಬರ್ 8ರಂದು ಎನಿಸ್ಕಿಲನ್ ಪಟ್ಟಣದಲ್ಲಿ, ಯುದ್ಧದಲ್ಲಿ ಮಡಿದವರನ್ನು ನೆನೆಯಲು ಸ್ಮಾರಕದ ಬಳಿ ಸೇರಿದ್ದ ಜನರ ಮೇಲೆ ಐಆರ್‌ಎ ಇಟ್ಟ ಬಾಂಬಿನಿಂದ ಗೋಡೆ ಕುಸಿದು ಹನ್ನೊಂದು ಮಂದಿ ಸತ್ತರು. ಪ್ರಜ್ಞೆ ಕಳೆದುಕೊಂಡ ಇನ್ನೊಬ್ಬರು ಹದಿಮೂರು ವರ್ಷ ಹಾಗೆಯೇ ಮಲಗಿದ್ದು ತೀರಿಕೊಂಡರು. ಆ ಮನೆಗಳಲ್ಲಿ ಸಂಜೆ ಟಿ.ವಿ. ಹಾಕಿದರೆ, ಕೊಂದವರ ಪರವಾಗಿ ಸಮಜಾಯಿಷಿ ಕೊಡುವವನು ನೆಂಟನಂತೆ ನಡುಮನೆಗೆ ಬಂದು ಕುಳಿತಂತೆ ಆಗುವುದಿಲ್ಲವೇ? ಹರ್ಡ್ ಅವರು ಕೊಟ್ಟ ಕಾರಣಗಳಲ್ಲಿ ಇದೂ ಒಂದು, ಇದನ್ನು ಕೇವಲ ನೆಪವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಪತ್ರಿಕೆಯನ್ನು ನಾವು ಬೇಕೆಂದಾಗ ಬಿಡಿಸಿ ಓದುತ್ತೇವೆ, ಟಿ.ವಿ. ಹಾಗಲ್ಲ. ನಡುಮನೆಯಲ್ಲಿ ಮಕ್ಕಳೂ ಮುದುಕರೂ ಕುಳಿತಿರುವಾಗ ಅದು ತಾನಾಗಿಯೇ ಒಳಗೆ ಬರುತ್ತದೆ.

ಎರಡನೆಯದು ಫಲಿತಾಂಶದ ಮಾತು. 1987ರ ಸಾರ್ವತ್ರಿಕ ಚುನಾವಣೆಯಲ್ಲಿ ಉತ್ತರ ಐರ್ಲೆಂಡಿನ ಶೇ. 11.4 ಮತ ಪಡೆದಿದ್ದ ಶಿನ್ ಫೇನ್ 1992ರಲ್ಲಿ ಶೇ. 10ಕ್ಕೆ ಇಳಿಯಿತು. ಸ್ಥಳೀಯ ಸಂಸ್ಥೆಗಳಲ್ಲಿ 1985ರಲ್ಲಿ 59 ಸ್ಥಾನ ಗೆದ್ದಿದ್ದದ್ದು 1989ರಲ್ಲಿ 43ಕ್ಕೆ ಬಂತು. ಆಡಮ್ಸ್ ಅವರೇ 1992ರಲ್ಲಿ ಕ್ಷೇತ್ರ ಕಳೆದುಕೊಂಡರು. ನಿರ್ಬಂಧ ಕೆಲಸ ಮಾಡಲಿಲ್ಲ ಎಂದು ಹೇಗೆ ಹೇಳುವುದು?

ಮೂರನೆಯದಾಗಿ ನಮ್ಮದೇ ಅನುಭವ. 2008ರ ನವೆಂಬರ್ 26ರ ಮುಂಬೈ ದಾಳಿಯ ಸಮಯದಲ್ಲಿ ಕಮಾಂಡೋಗಳ ಚಲನವಲನವನ್ನು ವಾಹಿನಿಗಳು ನೇರವಾಗಿ ತೋರಿಸಿದವು, ಗಡಿಯಾಚೆ ಕುಳಿತವರು ಅದನ್ನು ನೋಡಿಕೊಂಡೇ ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ಕೊಟ್ಟರು. 2012ರ ಆಗಸ್ಟ್ 29ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಾಹಿನಿಗಳ ಈ ನಡತೆಯನ್ನು ಕಟುವಾಗಿ ಟೀಕಿಸಿತು. ಸರ್ಕಾರ ಕೈಕಟ್ಟಿ ಕೂರಬೇಕೇ?

ಬಾನುಲಿ ಕೇಳುಗ

ಮೇಷ್ಟ್ರ ಮೂರನೆಯ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಬೇರೆ ವಿಷಯ. ಕಾರ್ಯಾಚರಣೆ ನಡೆಯುತ್ತಿರುವ ಜಾಗದಿಂದ ನೇರ ಪ್ರಸಾರ ಬೇಡ ಎನ್ನುವುದು ಕೆಲವು ಗಂಟೆಗಳ, ಒಂದು ಸ್ಥಳದ ನಿರ್ಬಂಧ. 2015ರಲ್ಲಿ ನಮ್ಮ ಕೇಬಲ್ ಟೆಲಿವಿಷನ್ ನಿಯಮಗಳಿಗೆ ಸೇರಿಸಿದ್ದೂ ಅದನ್ನೇ. ಕಾರ್ಯಾಚರಣೆ ಮುಗಿಯುವವರೆಗೆ ಗೊತ್ತುಪಡಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಗೆ ಮಾತ್ರ ವಾಹಿನಿಗಳು ಸೀಮಿತವಾಗಿರಬೇಕು ಎಂದು ಅದು ಹೇಳುತ್ತದೆ. ಒಂದು ಪಕ್ಷದವರ ದನಿಯನ್ನು ವರ್ಷಗಟ್ಟಲೆ ಎಲ್ಲ ವಿಷಯದಲ್ಲೂ ಕತ್ತರಿಸುವುದನ್ನು ಇದರ ಜೊತೆ ತೂಗಲಾಗದು.

ನಾನು ಇದನ್ನು ಪುಸ್ತಕದಿಂದ ಕಲಿತದ್ದಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಕಾಶವಾಣಿಯ ಪ್ರದೇಶ ಸಮಾಚಾರ ಮುಗಿದ ಮೇಲೆ ನಮ್ಮ ತಂದೆ ಬಾಗಿಲು ಹಾಕಿ, ಕಿರುತರಂಗದ ಮುಳ್ಳನ್ನು ಹುಡುಕುತ್ತಾ ಬಿಬಿಸಿ ಹಿಡಿಯುತ್ತಿದ್ದರು. ಅವರಿಗೆ ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು, ಆದರೂ ಕೇಳುತ್ತಿದ್ದರು. ಸೆನ್ಸಾರ್ ಷರತ್ತಿಗೆ ಒಪ್ಪದ ಕಾರಣ ಬಿಬಿಸಿಯ ಮಾರ್ಕ್ ಟಲಿ ಅವರು ಆಗ ದೇಶ ಬಿಟ್ಟು ಹೋಗಬೇಕಾಯಿತು ಎಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ನಮ್ಮ ಸುದ್ದಿಗೆ ನಾವು ಆಶ್ರಯಿಸಿದ್ದ ಅದೇ ಬಿಬಿಸಿ ಹದಿಮೂರು ವರ್ಷದ ನಂತರ ತನ್ನ ನೆಲದಲ್ಲೇ ಇಂಥದಕ್ಕೆ ತಲೆಬಾಗಿತು ಎಂದು ಓದಿದಾಗ ನನಗೆ ಆದ ನೋವನ್ನು ಹೇಗೆ ವಿವರಿಸಲಿ?

ಲಾಗನ್ ದಂಡೆ

ನಾನು ಇಪ್ಪತ್ತು ವರ್ಷದಿಂದ ಬೆಲ್‌ಫಾಸ್ಟಿನ ನಿವಾಸಿ, ಆಸ್ಪತ್ರೆಯಲ್ಲಿ ಕೆಲಸ. ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು, ಆದರೆ ಇಲ್ಲಿ ಯಾವುದೂ ಪೂರ್ತಿ ಮುಗಿಯುವುದಿಲ್ಲ. 3,500ಕ್ಕೂ ಹೆಚ್ಚು ಜನ ಸತ್ತ, ಒಟ್ಟು ಜನಸಂಖ್ಯೆ ಅಂದಿಗೆ ಸುಮಾರು ಹದಿನೈದು ಲಕ್ಷವಿದ್ದ ಈ ಚಿಕ್ಕ ನಾಡಿನಲ್ಲಿ ಯಾರ ಮನೆಯ ಕತೆ ಕೇಳಿದರೂ ಎಲ್ಲೋ ಒಂದು ಸಾವಿನ ಹತ್ತಿರ ಬಂದು ನಿಲ್ಲುತ್ತದೆ.

ಮೇಷ್ಟ್ರು ಹೇಳಿದ ನಡುಮನೆಯ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಪ್ರಾಟೆಸ್ಟಂಟ್ ಮನೆತನದವರು, ಸೋದರಮಾವನನ್ನು ಕಳೆದುಕೊಂಡವರು. ಆ ಆದೇಶ ಬಂದ ದಿನ ತಮ್ಮ ತಾಯಿಗೆ ಸಮಾಧಾನವಾಯಿತು ಎಂದು ಅವರು ನನಗೆ ಹೇಳಿದ್ದಾರೆ. ಆದರೆ ಅವರೇ ಮುಂದುವರಿಸಿ ಹೇಳಿದ ಮಾತನ್ನು ನಾನು ಮರೆತಿಲ್ಲ. ಕೆಲವು ತಿಂಗಳಾದ ಮೇಲೆ ಆ ತಾಯಿಗೆ ಬೇರೊಂದು ಸಂಕಟ ಹತ್ತಿತಂತೆ. ನಟನ ದನಿ ಶಾಂತವಾಗಿ, ತೂಕವಾಗಿ, ತಿದ್ದಿ ತೀಡಿದಂತೆ ಇರುತ್ತಿತ್ತು. “ಅವನ ಮಾತಿಗೆ ಇವರೇ ಮರ್ಯಾದೆ ತೊಡಿಸಿ ಕಳಿಸುತ್ತಿದ್ದಾರೆ” ಎಂದು ಆಕೆ ಟಿ.ವಿ. ಆರಿಸುತ್ತಿದ್ದರಂತೆ.

ಫಾಲ್ಸ್ ರಸ್ತೆಯ ಕಡೆಯ ಕ್ಯಾಥೊಲಿಕ್ ಗೆಳೆಯರ ನೆನಪೇ ಬೇರೆ. ತಾವು ಮತ ಹಾಕಿ ಕಳಿಸಿದವನ ದನಿಯನ್ನು ಕಿತ್ತುಕೊಂಡದ್ದು ತಮ್ಮ ಮತಕ್ಕೆ ಮಾಡಿದ ಅವಮಾನ ಎಂದು ಅವರಿಗೆ ಅನಿಸಿತ್ತು. ಪ್ರತಿನಿಧಿಯು ಸ್ವಂತ ನೆಲೆಯಲ್ಲಿ ಆಡಿದ ಮಾತಿಗೆ ನಿಷೇಧ ತಗಲದು ಎಂದು ಕಾಗದದ ಮೇಲೆ ಇತ್ತು. ಆದರೆ ಕೌನ್ಸಿಲರ್ ಒಬ್ಬರು ಮನೆಗಳ ರಿಪೇರಿಯ ಬಗ್ಗೆ ಮಾತನಾಡುವಾಗ ಅದು ಪಕ್ಷದ ಮಾತೋ ಸ್ವಂತದ ಮಾತೋ ಎಂದು ಸುದ್ದಿಮನೆಯಲ್ಲಿ ಗಡಿಯಾರದ ಮುಂದೆ ಕುಳಿತವರು ಹೇಗೆ ತೀರ್ಮಾನಿಸಬೇಕು? ತಲೆನೋವೇ ಬೇಡವೆಂದು ಬಿಟ್ಟುಬಿಡುವುದು ಸುಲಭವಾಗಿತ್ತು.

ಇನ್ನೊಂದು ವಿಷಯ. 1992ರಲ್ಲಿ ಆಡಮ್ಸ್ ಸೋತದ್ದು 589 ಮತಗಳಿಂದ. ಅವರನ್ನು ಸೋಲಿಸಲೆಂದೇ ಶ್ಯಾಂಕಿಲ್ ಭಾಗದ ಒಂದಷ್ಟು ಯೂನಿಯನಿಸ್ಟ್ ಮತದಾರರು ತಮ್ಮವರನ್ನು ಬಿಟ್ಟು, ಹಿಂಸೆಯನ್ನು ಒಪ್ಪದ ಐರಿಷ್ ರಾಷ್ಟ್ರೀಯವಾದಿ ಪಕ್ಷ ಎಸ್‌ಡಿಎಲ್‌ಪಿಯ ಜೋ ಹೆಂಡ್ರನ್ ಅವರಿಗೆ ಮತ ಹಾಕಿದ್ದರು. ಟಿ.ವಿ.ಯಲ್ಲಿ ದನಿ ಕೇಳದ್ದರಿಂದ ಸೋತರು ಎನ್ನಲು ಅಲ್ಲಿ ಆಧಾರ ಸಿಗುವುದಿಲ್ಲ. 1997ರಲ್ಲಿ ಅದೇ ಕ್ಷೇತ್ರವನ್ನು ಅವರು ಮತ್ತೆ ಗೆದ್ದರು.

ಪತ್ರಿಕೋದ್ಯಮ ವಿದ್ಯಾರ್ಥಿನಿ

ಒಂದು ಸಂದೇಹ ಕೇಳಬಹುದೇ? ಗಡಿಯ ಆಚೆ ಐರ್ಲೆಂಡ್ ಗಣರಾಜ್ಯವಿದೆಯಲ್ಲ, ಅಲ್ಲಿಯ ಬಾನುಲಿಯಲ್ಲಿ ಇವರ ದನಿ ಕೇಳುತ್ತಿತ್ತೇ? ನಮ್ಮ ತರಗತಿಯಲ್ಲಿ ಈ ಪ್ರಕರಣವನ್ನು ಬ್ರಿಟನ್ನಿನ ಕತೆಯೆಂದು ಮಾತ್ರ ಹೇಳಿಕೊಟ್ಟರು.

ತುಂಗಾತೀರ

ಒಳ್ಳೆಯ ಪ್ರಶ್ನೆ ಕೇಳಿದಿರಿ ತಂಗಿ. ಕೇಳುತ್ತಿರಲಿಲ್ಲ, ಅಲ್ಲಿಯ ನಿಷೇಧ ಇನ್ನೂ ಹಳೆಯದು, ಇನ್ನೂ ಕಠಿಣವಾದದ್ದು.

ಐರ್ಲೆಂಡಿನ 1960ರ ಪ್ರಸಾರ ಪ್ರಾಧಿಕಾರ ಕಾಯ್ದೆಯ 31ನೇ ಕಲಮು ಇಂಥದನ್ನು ಪ್ರಸಾರ ಮಾಡಬೇಡಿ ಎಂದು ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇಗೆ ಆದೇಶಿಸುವ ಅಧಿಕಾರವನ್ನು ಸಚಿವರಿಗೆ ಕೊಟ್ಟಿತ್ತು. 1971ರ ಅಕ್ಟೋಬರಿನಲ್ಲಿ ಅದನ್ನು ಮೊದಲು ಬಳಸಿದರು. 1972ರ ನವೆಂಬರಿನಲ್ಲಿ ಕೆವಿನ್ ಓಕೆಲ್ಲಿ ಎಂಬ ಪತ್ರಕರ್ತರು ಐಆರ್‌ಎಯ ಮುಖ್ಯಸ್ಥ ಶಾನ್ ಮ್ಯಾಕ್ ಸ್ಟೀಫಾನ್ ಅವರನ್ನು ಸಂದರ್ಶಿಸಿ, ಅವರ ದನಿಯನ್ನು ಹಾಕದೆ, ಅವರು ಹೇಳಿದ್ದನ್ನು ತಾವೇ ಬಾನುಲಿಯಲ್ಲಿ ಓದಿ ಹೇಳಿದರು. ಅಷ್ಟಕ್ಕೇ ಸರ್ಕಾರ ಆರ್‌ಟಿಇ ಪ್ರಾಧಿಕಾರದ ಎಲ್ಲ ಸದಸ್ಯರನ್ನೂ ವಜಾ ಮಾಡಿತು. ಧ್ವನಿಮುದ್ರಿಕೆಯಲ್ಲಿರುವ ದನಿ ಯಾರದೆಂದು ಗುರುತಿಸಲು ನ್ಯಾಯಾಲಯದಲ್ಲಿ ನಿರಾಕರಿಸಿದ ಓಕೆಲ್ಲಿ ಅವರಿಗೆ ಜೈಲುಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು ದಂಡಕ್ಕೆ ಇಳಿಯಿತು.

ಮುಂದೆ 1976ರಲ್ಲಿ ಸಚಿವ ಕಾನರ್ ಕ್ರೂಸ್ ಓಬ್ರಿಯನ್ ಅವರು ಕಾಯ್ದೆಯನ್ನು ತಿದ್ದಿದರು, ಆಮೇಲಿನ ಆದೇಶಗಳು ಶಿನ್ ಫೇನ್ ಪಕ್ಷದ ವಕ್ತಾರರನ್ನು ಹೆಸರಿಸಿಯೇ ಹೊರಗಿಟ್ಟವು. ಸಂದರ್ಶನದ ವರದಿಯನ್ನೂ ಈ ಆದೇಶ ತಡೆಯುತ್ತಿದ್ದುದರಿಂದ ಬ್ರಿಟನ್ನಿನಂತೆ ನಟರಿಂದ ಓದಿಸುವ ದಾರಿ ಅಲ್ಲಿ ಇರಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಆರ್‌ಟಿಇ ತಾನೇ ಮುಂದೆ ಹೋಗಿ ಬೇಲಿಯನ್ನು ಇನ್ನಷ್ಟು ದೂರಕ್ಕೆ ಕಟ್ಟಿಕೊಂಡ ರೀತಿ. ಆದೇಶವು ಪಕ್ಷದ ಪರವಾಗಿ ಮಾತನಾಡುವವರಿಗೆ ಸಂಬಂಧಿಸಿದ್ದು, ಆದರೆ ಆರ್‌ಟಿಇ ಅದನ್ನು ಪಕ್ಷದ ಯಾವ ಸದಸ್ಯನೂ ಯಾವ ವಿಷಯದ ಮೇಲೂ ಮಾತನಾಡಕೂಡದು ಎಂದು ಓದಿಕೊಂಡಿತು. 1990ರಲ್ಲಿ ಡಬ್ಲಿನ್ನಿನ ಒಂದು ಬೇಕರಿ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಕಾರ್ಮಿಕರ ಪರವಾಗಿ ಮಾತನಾಡಿದ ಲ್ಯಾರಿ ಓಟೂಲ್ ಎಂಬುವರು ಶಿನ್ ಫೇನ್ ಸದಸ್ಯರೆಂದು ತಿಳಿದ ಕೂಡಲೇ ಅವರ ಸಂದರ್ಶನವನ್ನು ಕೈಬಿಟ್ಟಿತು. ಅವರು ಆಡಿದ್ದು ಸಂಬಳ, ಕೆಲಸದ ಮಾತು. ಅವರು ನ್ಯಾಯಾಲಯಕ್ಕೆ ಹೋದರು. 1993ರ ಮಾರ್ಚಿನಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್, ಕಾನೂನು ಕೇಳಿದ್ದಕ್ಕಿಂತ ಹೆಚ್ಚಿನದನ್ನು ಆರ್‌ಟಿಇ ನಿಷೇಧಿಸಿದೆ ಎಂದು ಅವರ ಪರವಾಗಿ ತೀರ್ಪಿತ್ತಿತು.

ಸರ್ಕಾರದ ನಿರ್ಬಂಧದ ನಿಜವಾದ ವ್ಯಾಪ್ತಿಯನ್ನು ಆದೇಶದ ಅಕ್ಷರಗಳಲ್ಲಿ ಅಳೆಯಬಾರದು. ಆದೇಶ ಗೆರೆ ಎಳೆದ ಜಾಗಕ್ಕಿಂತ ಹತ್ತು ಹೆಜ್ಜೆ ಹಿಂದೆಯೇ ಸುದ್ದಿಮನೆ ನಿಂತುಬಿಡುತ್ತದೆ. ನೀವು ನಾಳೆ ಸುದ್ದಿಮನೆಗೆ ಹೋಗುವವರು, ಆದ್ದರಿಂದ ನಿಮಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಬ್ರಿಟನ್ನಿನಲ್ಲೂ ಇದೇ ನಡೆಯಿತು. 1992ರಲ್ಲಿ ಬಿಬಿಸಿ ಕಾರ್ಯಕ್ರಮವೊಂದರಲ್ಲಿ ಮಾಜಿ ಸಂಸತ್ ಸದಸ್ಯೆ ಬರ್ನಡೆಟ್ ಮೆಕ್‌ಅಲಿಸ್ಕಿ ಅವರ ದನಿಯನ್ನು ತೆಗೆದು ಪರದೆಯ ಕೆಳಗೆ ಅಕ್ಷರಗಳನ್ನು ಹಾಕಲಾಯಿತು. ಅವರು ಪಟ್ಟಿಯಲ್ಲಿದ್ದ ಯಾವ ಸಂಘಟನೆಯ ವಕ್ತಾರರೂ ಆಗಿರಲಿಲ್ಲ. ಸಂಘಟನೆಗೆ ಬೆಂಬಲ ಕೋರುವ ಮಾತು ಯಾರ ಬಾಯಿಂದ ಬಂದರೂ ನಿಷಿದ್ಧ ಎಂಬ ಇನ್ನೊಂದು ಉಪಕಲಮು ಆದೇಶದಲ್ಲಿತ್ತು, ಅದರ ಭಯ ಅಷ್ಟು ದೂರ ಹಬ್ಬಿತ್ತು. ಅದೇ ಉಪಕಲಮಿನ ಆಧಾರದಲ್ಲಿ, ಬರ್ಮಿಂಗ್‌ಹ್ಯಾಂ ಸ್ಫೋಟಗಳಿಗಾಗಿ ಜೈಲಿನಲ್ಲಿದ್ದ ಆರು ಮಂದಿ ನಿರಪರಾಧಿಗಳೆಂದು ಸಾರುವ ಹಾಡೊಂದನ್ನು ಖಾಸಗಿ ವಾಹಿನಿಗಳಿಂದ ದೂರವಿಟ್ಟರು. ಆ ಆರೂ ಮಂದಿಯ ಶಿಕ್ಷೆಯನ್ನು 1991ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯವೇ ರದ್ದುಮಾಡಿ ಬಿಡುಗಡೆ ಮಾಡಿತು. ಹದಿನಾರು ವರ್ಷ ಒಳಗಿದ್ದ ಅಮಾಯಕರ ಪರವಾದ ಹಾಡು ಭಯೋತ್ಪಾದನೆಯ ಬೆಂಬಲವೆಂದು ಕಂಡಿತಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನ್ಯಾಯವಾದಿ, ಧಾರವಾಡ

ಕಾನೂನಿನ ಬದಿಯಿಂದ ಎರಡು ಮಾತು ಸೇರಿಸುತ್ತೇನೆ. ಬ್ರಿಟನ್ನಿನ ಆದೇಶವನ್ನು ಡೊನಾಲ್ಡ್ ಬ್ರಿಂಡ್ ಮತ್ತಿತರ ಪತ್ರಕರ್ತರು ಪ್ರಶ್ನಿಸಿದರು. 1991ರ ಫೆಬ್ರವರಿಯಲ್ಲಿ, ಅಂದು ಅಲ್ಲಿಯ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳೂ ಅವರ ಮನವಿಯನ್ನು ತಳ್ಳಿಹಾಕಿದರು. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆ ಅಂದು ಬ್ರಿಟನ್ನಿನ ಆಂತರಿಕ ಕಾನೂನಿನ ಭಾಗವಾಗಿರಲಿಲ್ಲವಾದ್ದರಿಂದ ಸಚಿವರ ನಿರ್ಧಾರ ಯಾವ ವಿವೇಕಿಯೂ ಕೈಗೊಳ್ಳಲಾಗದಷ್ಟು ಅಸಂಗತವೇ ಎಂಬುದಷ್ಟೇ ಪ್ರಶ್ನೆಯಾಯಿತು. ಹಾಗಿಲ್ಲ ಎಂದರು.

ಆ ತೀರ್ಪಿನ ಒಳಗಿನ ಒಂದು ತರ್ಕವನ್ನು ಸದಸ್ಯರು ಗಮನಿಸಬೇಕು. ನಿರ್ಬಂಧ ಬಹಳ ಸಣ್ಣದು, ಮಾತಿನ ಸಾರವೆಲ್ಲ ಹೇಗೂ ಜನರಿಗೆ ತಲುಪುತ್ತದೆ, ಆದ್ದರಿಂದ ಅದು ಅತಿರೇಕವಲ್ಲ ಎಂಬುದು ಸರ್ಕಾರಕ್ಕೆ ಅನುಕೂಲವಾಗಿ ಬಂದ ವಾದ. ಸಾರವೆಲ್ಲ ತಲುಪುವುದಾದರೆ ಪ್ರಚಾರದ ಪ್ರಾಣವಾಯುವನ್ನು ಕಡಿದಂತಾದದ್ದು ಎಲ್ಲಿ? ತಲುಪದೆ ಇರುವುದು ಏನಾದರೂ ಇದ್ದರೆ ನಿರ್ಬಂಧ ಸಣ್ಣದಾದದ್ದು ಹೇಗೆ? ಎರಡರಲ್ಲಿ ಒಂದನ್ನು ಬಿಟ್ಟುಕೊಡದೆ ಈ ಆದೇಶವನ್ನು ಸಮರ್ಥಿಸುವುದು ನನಗೆ ಸಾಧ್ಯವಾಗಿಲ್ಲ.

ನಮ್ಮಲ್ಲಿ ಸ್ಥಿತಿ ಸ್ವಲ್ಪ ಬೇರೆ, ಏಕೆಂದರೆ ವಾಕ್ ಸ್ವಾತಂತ್ರ್ಯವನ್ನು ಕೊಡುವ 19(1)(ಎ) ವಿಧಿ ಮತ್ತು ಅದಕ್ಕೆ ನಿರ್ದಿಷ್ಟ ಮಿತಿಗಳನ್ನು ಹಾಕುವ 19(2) ವಿಧಿ ಸಂವಿಧಾನದಲ್ಲೇ ಇವೆ. ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಲಯಾಳದ ಮೀಡಿಯಾ ಒನ್ ವಾಹಿನಿಗೆ ಭದ್ರತೆಯ ಕಾರಣ ಹೇಳಿ ಪರವಾನಗಿ ನವೀಕರಿಸದೆ ಹೋದಾಗ, ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ನ್ಯಾಯಾಧೀಶರಿಗೆ ಮಾತ್ರ ಕೊಡುವ ಪದ್ಧತಿಯನ್ನು ಒಪ್ಪದೆ 2023ರ ಏಪ್ರಿಲ್ 5ರಂದು ಆ ನಿರ್ಧಾರವನ್ನು ರದ್ದುಮಾಡಿತು. ರಾಷ್ಟ್ರೀಯ ಭದ್ರತೆ ಎಂಬ ಪದವನ್ನು ಉಚ್ಚರಿಸಿದ ಮಾತ್ರಕ್ಕೆ ನ್ಯಾಯಾಲಯದ ಬಾಗಿಲು ಮುಚ್ಚುವುದಿಲ್ಲ ಎಂಬುದು ಅದರ ಸಾರ. ಇಷ್ಟಾದರೂ ನಮ್ಮ ಖಾಸಗಿ ಎಫ್‌ಎಂ ಕೇಂದ್ರಗಳು ಇಂದಿಗೂ ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದೇ ಹೊರತು ಸ್ವಂತ ರಾಜಕೀಯ ವಾರ್ತೆಯನ್ನು ಓದುವಂತಿಲ್ಲ ಎಂಬುದನ್ನು ಬೆಂಗಳೂರಿನಲ್ಲಿ ದಿನವಿಡೀ ಅವುಗಳನ್ನು ಕೇಳುವವರೂ ಗಮನಿಸಿರುವುದಿಲ್ಲ.

ಹಾಸನದ ಮೇಷ್ಟ್ರು

ಎಲ್ಲರ ಮಾತನ್ನೂ ಎರಡು ಬಾರಿ ಓದಿದೆ. ಒಂದು ನೇರ ಪ್ರಶ್ನೆ. ದನಿ ಕೇಳಿಸಿದ್ದರೆ ಹೆಚ್ಚುವರಿಯಾಗಿ ಏನು ಸಿಗುತ್ತಿತ್ತು? ಕೊಲೆಗಾರರ ಪರವಾಗಿ ನಿಂತವರ ಸ್ವರದಲ್ಲಿ ನಾಗರಿಕನಿಗೆ ತಿಳಿಯಬೇಕಾದದ್ದು ಏನಿದೆ?

ತುಂಗಾತೀರ

ಮೇಷ್ಟ್ರೇ, ತಾವು ಹೇಳಿದ ಎನಿಸ್ಕಿಲನ್‌ನಿಂದಲೇ ಉತ್ತರಿಸುತ್ತೇನೆ. ಆ ಸ್ಫೋಟದಲ್ಲಿ ಗಾರ್ಡನ್ ವಿಲ್ಸನ್ ಎಂಬ ಬಟ್ಟೆ ಅಂಗಡಿಯವರು ಕಲ್ಲುಮಣ್ಣಿನಡಿ ಸಿಕ್ಕಿಬಿದ್ದು, ಪಕ್ಕದಲ್ಲೇ ಇದ್ದ ಮಗಳು ಮರೀಯ ಕೈ ಹಿಡಿದುಕೊಂಡಿದ್ದರು. ಮಗಳು ಉಳಿಯಲಿಲ್ಲ. ತಮಗೆ ಯಾರ ಮೇಲೂ ದ್ವೇಷವಿಲ್ಲ ಎಂದು ಅವರು ಬಿಬಿಸಿಗೆ ಹೇಳಿದ ಮಾತನ್ನು ಬ್ರಿಟನ್, ಐರ್ಲೆಂಡ್ ಎರಡೂ ಕೇಳಿದವು. ಅದೇ ಮಾತನ್ನು ಮರುದಿನದ ಪತ್ರಿಕೆಯಲ್ಲಿ ಅಚ್ಚಾದ ವಾಕ್ಯವಾಗಿ ಮಾತ್ರ ಓದಿದ್ದರೆ ಅದು ಒಬ್ಬ ದೊಡ್ಡ ಮನುಷ್ಯನ ಹೇಳಿಕೆಯಾಗಿ ಉಳಿಯುತ್ತಿತ್ತು. ಕೇಳಿದವರಿಗೆ ಅದು ಹಾಗಾಗಲಿಲ್ಲ, ಕೈ ಬಿಟ್ಟುಹೋದ ಮಗಳ ತಂದೆಯ ದನಿ ಅದರಲ್ಲಿತ್ತು. ಆ ದನಿಯ ಎದುರಿಗೆ ಐಆರ್‌ಎಯ ಸಮರ್ಥಕರ ದನಿಯನ್ನು ಇಟ್ಟು ತೂಗಿ ನೋಡುವ ಅವಕಾಶ ಜನರಿಗೆ ಇರಬೇಕಾಗಿತ್ತು. ಒಂದು ವರ್ಷದೊಳಗೆ ಆ ತಕ್ಕಡಿಯ ಒಂದು ತಟ್ಟೆಯನ್ನೇ ತೆಗೆದರು. ಅದರಿಂದ ವಿಲ್ಸನ್ ಅವರಂಥವರ ಕಡೆಗೆ ತೂಕ ಹೆಚ್ಚಿತು ಎಂದು ನನಗೆ ಅನಿಸುವುದಿಲ್ಲ.

ವಿಲ್ಸನ್ ಅವರೇ 1993ರಲ್ಲಿ ಐಆರ್‌ಎ ಪ್ರತಿನಿಧಿಗಳನ್ನು ಮುಖಾಮುಖಿ ಕಂಡು, ಹಿಂಸೆ ನಿಲ್ಲಿಸಿ ಎಂದು ಕೇಳಿಕೊಂಡರು. ಬರಿಗೈಯಲ್ಲಿ ಮರಳಿದರು. ಆದರೆ ಅವರಿಗೆ ಆ ದನಿಯನ್ನು ನೇರವಾಗಿ ಕೇಳಬೇಕೆನಿಸಿತ್ತು.

ಇನ್ನು ಸರ್ಕಾರದ ವಿಷಯ. ಜನರು ಕೇಳಬಾರದೆಂದು ತಡೆದ ಆ ದನಿಯನ್ನು ಸರ್ಕಾರ ತಾನು ಕೇಳುತ್ತಿತ್ತು. 1972ರ ಜುಲೈಯಲ್ಲೇ ಸಚಿವ ವಿಲಿಯಂ ವೈಟ್‌ಲಾ ಅವರು ಲಂಡನ್ನಿನ ಮನೆಯೊಂದರಲ್ಲಿ ಗುಟ್ಟಾಗಿ ಐಆರ್‌ಎ ನಿಯೋಗವನ್ನು ಭೇಟಿಯಾಗಿದ್ದರು, ಆ ನಿಯೋಗದಲ್ಲಿ ಯುವಕರಾದ ಆಡಮ್ಸ್ ಮತ್ತು ಮೆಕ್‌ಗಿನ್ನೆಸ್ ಇಬ್ಬರೂ ಇದ್ದರು. ಪ್ರಸಾರ ನಿರ್ಬಂಧ ಜಾರಿಯಲ್ಲಿದ್ದಾಗಲೇ, ತೊಂಬತ್ತರ ದಶಕದ ಆರಂಭದಲ್ಲಿ, ಮಧ್ಯವರ್ತಿಗಳ ಮೂಲಕ ಆ ಹಳೆಯ ದಾರಿ ಮತ್ತೆ ತೆರೆದುಕೊಂಡಿತು. 1993ರ ನವೆಂಬರ್ 1ರಂದು, ಆಡಮ್ಸ್ ಮತ್ತು ಐಆರ್‌ಎ ಜೊತೆ ಕುಳಿತು ಮಾತನಾಡುವುದೆಂದರೆ ನನಗೆ ಹೊಟ್ಟೆ ತೊಳಸುತ್ತದೆ ಎಂಬರ್ಥದಲ್ಲಿ ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲಿ ಹೇಳಿದರು. ನವೆಂಬರ್ 28ರಂದು ಅಬ್ಸರ್ವರ್ ಪತ್ರಿಕೆ ಆ ಗುಪ್ತ ಸಂಪರ್ಕವನ್ನು ಬಯಲುಮಾಡಿತು.

ಗುಟ್ಟಾಗಿ ಮಾತನಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಮಾತುಕತೆಯಿಂದಲೇ ಮುಂದೆ ಎಷ್ಟೋ ಜೀವ ಉಳಿದವು. ಆದರೆ ಸಚಿವರಿಗೂ ಗುಪ್ತಚರರಿಗೂ ಕೇಳಲು ಯೋಗ್ಯವಾದ ದನಿ, ತೆರಿಗೆ ಕಟ್ಟುವ, ಮಕ್ಕಳನ್ನು ಸೈನ್ಯಕ್ಕೆ ಕಳಿಸುವ ನಾಗರಿಕನ ಕಿವಿಗೆ ಮಾತ್ರ ಯೋಗ್ಯವಲ್ಲ ಎಂದದ್ದನ್ನು ನಾನು ಒಪ್ಪಲಾರೆ. ಸಂಧಾನದ ದಿನ ಬಂದಾಗ ಅದನ್ನು ಒಪ್ಪಬೇಕಾದವರು ಜನರೇ. ಎದುರಿನವರು ಬದಲಾಗುತ್ತಿದ್ದಾರೆಯೇ ಇಲ್ಲವೇ ಎಂದು ಆರು ವರ್ಷ ತಾವೇ ಕೇಳಿ ಅಳೆಯುವ ಅವಕಾಶವಿಲ್ಲದೆ ಹೋದವರು 1998ರ ಏಪ್ರಿಲ್‌ನ ಶಾಂತಿ ಒಪ್ಪಂದವನ್ನು ನಂಬಬೇಕಾಗಿ ಬಂತು.

ಲಾಗನ್ ದಂಡೆ

ಕೊನೆಗಾಲದ ಒಂದು ವಿವರ ಇಲ್ಲಿ ಬರಲೇಬೇಕು. ಐರ್ಲೆಂಡಿನಲ್ಲಿ ಸಚಿವ ಮೈಕೆಲ್ ಡಿ. ಹಿಗ್ಗಿನ್ಸ್ ಅವರು 31ನೇ ಕಲಮಿನ ಆದೇಶವನ್ನು ನವೀಕರಿಸಲಿಲ್ಲ, ಅದು 1994ರ ಜನವರಿಯಲ್ಲಿ ಬಿದ್ದುಹೋಯಿತು. ಅವರೇ ಮುಂದೆ ಆ ದೇಶದ ಅಧ್ಯಕ್ಷರಾದರು. ಆ ತಿಂಗಳ ಕೊನೆಗೆ ಅಮೆರಿಕವೂ ಆಡಮ್ಸ್ ಅವರಿಗೆ 48 ಗಂಟೆಗಳ ವೀಸಾ ಕೊಟ್ಟಿತು, ನ್ಯೂಯಾರ್ಕಿನಲ್ಲಿ ಅವರ ಸ್ವಂತ ದನಿ ಟಿ.ವಿ.ಯಲ್ಲಿ ಕೇಳಿಸಿತು. ಬ್ರಿಟನ್ನಿನಲ್ಲಿ ಮಾತ್ರ ಇನ್ನೂ ಎಂಟು ತಿಂಗಳು ನಟರೇ ಮಾತನಾಡಿದರು. ಡಬ್ಲಿನ್ನಿನ ಪ್ರಸಾರ ಗಡಿ ದಾಟಿ ಬರುತ್ತಿದ್ದ ಊರುಗಳಲ್ಲಿ ಒಂದು ವಾಹಿನಿಯಲ್ಲಿ ನಿಜವಾದ ದನಿ, ಪಕ್ಕದ ವಾಹಿನಿಯಲ್ಲಿ ಎರವಲು ದನಿ ಕೇಳುತ್ತಿತ್ತು. ಆಗಸ್ಟ್ 31ರಂದು ಐಆರ್‌ಎ ಕದನವಿರಾಮ ಘೋಷಿಸಿತು, ಸೆಪ್ಟೆಂಬರ್ 16ರಂದು ಮೇಜರ್ ಅವರು ನಿರ್ಬಂಧವನ್ನು ಹಿಂತೆಗೆದುಕೊಂಡರು.

ಹಾಸನದ ಮೇಷ್ಟ್ರು

ಸತ್ತವರ ಮನೆಯವರ ನೋವಿನ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸ್ವಾತಂತ್ರ್ಯದ ವಾದವೂ ನನಗೆ ಅರ್ಧವೆಂದೇ ಕಾಣುತ್ತದೆ. ಸಂಜೆಯ ಸುದ್ದಿಯಲ್ಲಿ ಯಾವುದನ್ನು, ಯಾವ ಹೊತ್ತಿಗೆ, ಎಷ್ಟು ಕೇಳಿಸಬೇಕು ಎಂಬುದನ್ನು ಸಂಪಾದಕರು ಆ ಮನೆಗಳನ್ನು ನೆನಪಿನಲ್ಲಿಟ್ಟುಕೊಂಡು ತೀರ್ಮಾನಿಸಬೇಕು.

ಆದರೆ ಆ ತೀರ್ಮಾನ ಸಚಿವರ ಸೂಚನಾಪತ್ರದಿಂದ ಬರಬೇಕೆಂಬುದನ್ನು ಇನ್ನು ಮುಂದೆ ಅಷ್ಟು ಗಟ್ಟಿಯಾಗಿ ವಾದಿಸಲಾರೆ. ಲಾಗನ್ ದಂಡೆಯವರು ಹೇಳಿದ ಆ ತಾಯಿಯ ಮಾತು ನಿನ್ನೆ ರಾತ್ರಿಯಿಂದ ತಲೆಯಲ್ಲೇ ಇದೆ. ಆಕೆಯ ನೋವನ್ನು ಮುಂದಿಟ್ಟುಕೊಂಡೇ ನಾನು ವಾದ ಹೂಡಿದ್ದೆ, ಆದರೆ ಆಕೆಗೆ ಬೇಕಾಗಿದ್ದದ್ದು ಬೇರೆ ಎಂದು ತೋರುತ್ತದೆ. ತುಂಗಾತೀರ ಅವರೇ, ಓಕೆಲ್ಲಿ ಅವರ ಪ್ರಕರಣವನ್ನು ಸಾಧ್ಯವಾದರೆ ಇನ್ನಷ್ಟು ವಿವರವಾಗಿ ಬರೆಯಿರಿ.